ಜ್ವರ ಬಿಟ್ಟರೂ ಸೂಜಿ ಬಿಡಬೇಡಿ

(ಹೆಡತಲೆಯ ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕ ಶಿಕ್ಷಕರೊಬ್ಬರು ಆಡಿದ ಮಾತು)

ಹಗಲೆಲ್ಲಾ ಗದ್ದೆ, ಹೊಲ, ಕೂಲಿ ಅಂತ ದುಡಿದು ಬಂದಿದ್ದೀರಿ. ಇವತ್ತು ಪಾಠ ಬೇಡ. ಸ್ಲೇಟು, ಪುಸ್ತಕ ಪಕ್ಕಕ್ಕೆ ಇಡಿ. ಇವತ್ತು ನಮ್ಮ ಎದೆಯ ಮಾತು ಆಡೋಣ. ಎದೆಯ ಮಾತು ಅಂದರೆ ಹೃದಯದ ಮಾತು.

2025ರ ಜುಲೈ ತಿಂಗಳು ನಿಮಗೆ ನೆನಪಿರಬೇಕು. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರೂ ಹೃದಯದ ತೊಂದರೆಯಿಂದ ಸತ್ತರು ಅಂತ ಸುದ್ದಿ ಬಂತು. ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತರು. ಹೆದರಿಕೊಂಡು ಹೀಗೆ ಒಟ್ಟಿಗೆ ಬರಬೇಡಿ ಅಂತ ವೈದ್ಯರೇ ಹೇಳಬೇಕಾಯಿತು.

ಹೆದರಿಕೆ ಬಂದ ದಿನ ಎಲ್ಲರೂ ಓಡುತ್ತೇವೆ. ಹೆದರಿಕೆ ಹೋದ ಮೇಲೆ ಮರೆತುಬಿಡುತ್ತೇವೆ. ಆದರೆ ಹೃದಯಕ್ಕೆ ಬೇಕಾದ್ದು ಒಂದು ದಿನದ ಓಟ ಅಲ್ಲ. ವರ್ಷಾನುಗಟ್ಟಲೆ ನೋಡಿಕೊಳ್ಳುವುದು. ಅದರಲ್ಲೂ ಹೃದಯದ ಮಾಂಸಕ್ಕೆ ಒಂದು ಸಾರಿ ಊತ ಬಂದು ಹೋದವರು ಇದನ್ನು ಮರೆಯಲೇಬಾರದು. ಇವತ್ತು ನಾನು ಹೇಳುವುದು ಅಂಥವರ ವಿಚಾರ.

ಹೃದಯ ಹೇಗೆ ಕೆಲಸ ಮಾಡುತ್ತದೆ?

ನಿಮ್ಮ ಕೈ ಮುಷ್ಟಿ ಕಟ್ಟಿ ನೋಡಿ. ನಿಮ್ಮ ಹೃದಯ ಹೆಚ್ಚು ಕಡಿಮೆ ಅಷ್ಟೇ ಗಾತ್ರ. ಅದು ಮಾಂಸದ ಒಂದು ಚೀಲ. ನಿಮಿಷಕ್ಕೆ ಸುಮಾರು 70 ಸಾರಿ ಬಡಿಯುತ್ತದೆ. ಒಂದು ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 1 ಲಕ್ಷ ಸಾರಿ. ಹಬ್ಬ ಇಲ್ಲ, ಭಾನುವಾರ ಇಲ್ಲ.

ಗದ್ದೆಗೆ ನೀರು ಹೊಡೆಯುವ ಪಂಪ್‌ಸೆಟ್ಟು ನೋಡಿದ್ದೀರಲ್ಲ? ಹೃದಯವೂ ಅಂಥದ್ದೇ. ಮೋಟಾರು ಅಂದರೆ ಹೃದಯದ ಮಾಂಸ. ಅದು ರಕ್ತವನ್ನು ಒತ್ತಿ ಕಳಿಸುತ್ತದೆ. ಪಂಪಿಗೆ ಫುಟ್‌ವಾಲ್ವು ಇರುತ್ತದೆ. ಮೇಲಕ್ಕೆ ಹೋದ ನೀರು ಹಿಂದಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಹೃದಯದೊಳಗೂ ಅಂಥ ನಾಲ್ಕು ಬಾಗಿಲುಗಳಿವೆ. ಅವನ್ನು ಕವಾಟ ಅಂತಾರೆ. ವೈದ್ಯರು ವಾಲ್ವು ಅಂತಾರೆ.

ಫುಟ್‌ವಾಲ್ವು ಕೆಟ್ಟರೆ ಏನಾಗುತ್ತದೆ? ಮೋಟಾರು ಓಡುತ್ತಲೇ ಇರುತ್ತದೆ, ನೀರು ಮೇಲೆ ಬರುವುದಿಲ್ಲ. ಹಾಗೆಯೇ ಓಡಿಸಿದರೆ ಮೋಟಾರೂ ಸುಟ್ಟುಹೋಗುತ್ತದೆ. ಹೃದಯದ ಕತೆಯೂ ಇದೇ. ಬಾಗಿಲು ಕೆಟ್ಟರೆ ಮಾಂಸ ಸೋಲುತ್ತದೆ. ಮಾಂಸ ಸೋತರೆ ಮನುಷ್ಯ ಸೋಲುತ್ತಾನೆ.

ಒಬ್ಬ ಹುಡುಗನ ಕತೆ

ನಮ್ಮ ಕಡೆಯ ಒಂದು ಹುಡುಗನ ವಿಚಾರ ಹೇಳುತ್ತೇನೆ. ಹೆಸರು ಬೇಡ. ಆರನೇ ತರಗತಿಯಲ್ಲಿದ್ದ. ಖೋ ಖೋ ಆಟದಲ್ಲಿ ಅವನನ್ನು ಹಿಡಿಯುವವರು ಇರಲಿಲ್ಲ.

ಮಳೆಗಾಲದಲ್ಲಿ ಅವನಿಗೆ ಗಂಟಲು ನೋವು ಬಂತು. ಎಂಜಲು ನುಂಗಿದರೂ ನೋವು. ಮೈ ಬಿಸಿ. ಅವರವ್ವ ಮೆಣಸಿನ ಕಷಾಯ ಕೊಟ್ಟಳು. ನಾಲ್ಕು ದಿನಕ್ಕೆ ವಾಸಿಯಾಯಿತು. ಎಲ್ಲರೂ ಮರೆತರು.

ಮೂರು ವಾರ ಕಳೆಯಿತು. ಮತ್ತೆ ಜ್ವರ. ಒಂದು ಮಂಡಿ ಊದಿಕೊಂಡಿತು. ಮುಟ್ಟಿದರೆ ಕಿರುಚುತ್ತಿದ್ದ. ಎರಡು ದಿನಕ್ಕೆ ಆ ಮಂಡಿ ಸರಿಹೋಯಿತು, ಇನ್ನೊಂದು ಮಂಡಿ ಊದಿತು. ಆಮೇಲೆ ಮೊಣಕೈ. ನೋವು ಕೀಲಿನಿಂದ ಕೀಲಿಗೆ ಹಾರುತ್ತಿತ್ತು. ಬೆಳೆಯುವ ಹುಡುಗ, ಎಲ್ಲೋ ಬಿದ್ದಿರಬೇಕು ಅಂತ ಎಣ್ಣೆ ನೀವಿದರು. ಕೊನೆಗೆ ಹುಡುಗನಿಗೆ ಮೇಲುಸಿರು ಬಂತು. ಎದೆ ಡವಡವ ಅನ್ನುವುದು ಅಂಗಿಯ ಮೇಲೇ ಕಾಣುತ್ತಿತ್ತು. ಆಗ ಆಸ್ಪತ್ರೆಗೆ ಓಡಿದರು.

ವೈದ್ಯರು ಎದೆಗೆ ಕೊಳವೆ ಇಟ್ಟು ಕೇಳಿದರು. ರಕ್ತ ನೋಡಿದರು. ಇ.ಸಿ.ಜಿ. ತೆಗೆದರು. ಎಕೋ ಸ್ಕ್ಯಾನ್ ಮಾಡಿಸಿದರು. ಹೃದಯಕ್ಕೆ ಊತ ಬಂದಿದೆ ಅಂದರು. ಒಂದಷ್ಟು ದಿನ ಮಲಗಿಸಿ ಔಷಧಿ ಕೊಟ್ಟರು. ಹುಡುಗ ಗೆಲುವಾದ. ಮನೆಗೆ ಕಳಿಸುವಾಗ ಒಂದು ಚೀಟಿ ಕೊಟ್ಟರು. ಮೂರು ವಾರಕ್ಕೊಂದು ಸೂಜಿ, ವರ್ಷಗಟ್ಟಲೆ ಹಾಕಿಸಬೇಕು, ಒಂದನ್ನೂ ಬಿಡಬಾರದು ಅಂತ ಹೇಳಿದರು.

ಒಂದೂವರೆ ವರ್ಷ ಹಾಕಿಸಿದರು. ಆಮೇಲೆ ನಿಲ್ಲಿಸಿದರು. ಯಾಕಮ್ಮಾ ಅಂತ ಕೇಳಿದೆ. ಅವರವ್ವ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

“ಮಗ ಓಡಾಡ್ಕೊಂಡು ಚೆನ್ನಾಗವ್ನೆ ಮೇಷ್ಟ್ರೇ. ಇನ್ಯಾಕೆ ಆ ನೋವು ಅಂತ ಬುಟ್‌ಬುಟ್ಟೊ. ಒಂದಿನದ ಕೂಲಿನೂ ಹೋಯ್ತದೆ. ಆ ಚೀಟೀಲಿ ಏನ್ ಬರ್ದಿತ್ತೋ ನಂಗೇನ್ ಗೊತ್ತು?”

ಮುಂದಿನ ಮಳೆಗಾಲಕ್ಕೆ ಮತ್ತೆ ಗಂಟಲು ನೋವು ಬಂತು. ಮತ್ತೆ ಕೀಲು ನೋವು. ಈ ಸಾರಿ ಹೃದಯದ ಒಂದು ಬಾಗಿಲು ಹಾಳಾಗಿತ್ತು. ಹುಡುಗ ಈಗ ಖೋ ಖೋ ಆಡುವುದಿಲ್ಲ. ಸಾಲಿನ ಪಕ್ಕ ನಿಂತು ಅಂಕ ಬರೆಯುತ್ತಾನೆ.

ಇದು ಯಾವ ಕಾಯಿಲೆ?

ಇದಕ್ಕೆ ಸಂಧಿವಾತ ಜ್ವರ ಅಂತ ಹೆಸರು. ವೈದ್ಯರು ರುಮ್ಯಾಟಿಕ್ ಜ್ವರ ಅಂತಾರೆ. ಮುದುಕರಿಗೆ ಬರುವ ಮಂಡಿ ನೋವು ಬೇರೆ, ಇದು ಬೇರೆ. ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ.

ಸ್ಟ್ರೆಪ್ಟೋಕಾಕಸ್ ಅನ್ನುವ ಒಂದು ರೋಗಾಣು ಇದೆ. ಅದು ಗಂಟಲಲ್ಲಿ ನಂಜು ಮಾಡುತ್ತದೆ. ನಮ್ಮ ಮೈ ಆ ರೋಗಾಣುವಿನ ಮೇಲೆ ಯುದ್ಧ ಮಾಡುತ್ತದೆ. ಕೆಲವು ಮಕ್ಕಳ ಮೈಯಲ್ಲಿ ಈ ಯುದ್ಧ ದಾರಿ ತಪ್ಪುತ್ತದೆ. ಹೊಲಕ್ಕೆ ನುಗ್ಗಿದ ಹಂದಿ ಓಡಿಸಲು ಹೋದವರು ಕತ್ತಲಲ್ಲಿ ತಮ್ಮ ಪೈರನ್ನೇ ತುಳಿದ ಹಾಗೆ. ರೋಗಾಣುವಿಗೆ ಹೊಡೆಯುವ ಏಟು ನಮ್ಮ ಕೀಲಿಗೆ, ನಮ್ಮ ಹೃದಯಕ್ಕೇ ಬೀಳುತ್ತದೆ. ಗಂಟಲು ನೋವು ಹೋದ ಎರಡು ಮೂರು ವಾರಕ್ಕೆ ಇದು ಕಾಣಿಸಿಕೊಳ್ಳುತ್ತದೆ. ಅದಕ್ಕೇ ಗಂಟಲು ನೋವಿಗೂ ಎದೆಗೂ ಏನು ಸಂಬಂಧ ಅಂತ ನಮಗೆ ಹೊಳೆಯುವುದಿಲ್ಲ.

ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ವೈದ್ಯರಲ್ಲಿ ಒಂದು ಹಳೇ ಮಾತಿದೆ. ಕೀಲು ನೋವು ಗುರುತಿಲ್ಲದ ಹಾಗೆ ಹೋಗುತ್ತದೆ. ಹೃದಯದ ಗಾಯ ಮಾತ್ರ ಉಳಿಯುತ್ತದೆ. ಹೃದಯದ ಮಾಂಸದ ಊತ ಕೆಲವು ವಾರಗಳಲ್ಲಿ ಇಳಿಯಬಹುದು. ಆದರೆ ಬಾಗಿಲುಗಳಲ್ಲಿ ಕಲೆ ಕಟ್ಟುತ್ತದೆ. ಕೆಲವು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಕೆಲವು ಸರಿಯಾಗಿ ತೆರೆಯುವುದಿಲ್ಲ. ಜ್ವರ ಮತ್ತೆ ಮತ್ತೆ ಬಂದರೆ ಗಾಯದ ಮೇಲೆ ಗಾಯ ಆಗುತ್ತದೆ.

ಇನ್ನೊಂದು ಗುರುತು ಇದೆ. ಕೆಲವು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೈಕಾಲು ತಾವಾಗಿಯೇ ಅಲ್ಲಾಡುತ್ತವೆ. ಕೈಯಲ್ಲಿದ್ದ ಲೋಟ ಬೀಳುತ್ತದೆ. ದುಂಡಾಗಿದ್ದ ಅಕ್ಷರ ವಕ್ರವಾಗುತ್ತದೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿ ಸುಮ್ಮನಾಗಬೇಡಿ. ಅದೂ ಇದೇ ಜ್ವರದ ಗುರುತು ಇರಬಹುದು. ಆಸ್ಪತ್ರೆಗೆ ತೋರಿಸಿ.

ಒಂದೇ ಕೋಣೆಯಲ್ಲಿ ಹೆಚ್ಚು ಜನ ಒತ್ತಾಗಿ ಮಲಗುವ ಮನೆಗಳಲ್ಲಿ ಗಂಟಲಿನ ಈ ನಂಜು ಬೇಗ ಹರಡುತ್ತದೆ. ಅದಕ್ಕೇ ಇದು ಬಡವರನ್ನು ಹೆಚ್ಚು ಹಿಡಿಯುತ್ತದೆ. ಶ್ರೀಮಂತ ದೇಶಗಳಲ್ಲಿ ಮನೆಗಳು ದೊಡ್ಡವಾದವು, ಔಷಧಿ ಸಿಕ್ಕಿತು, ಕಾಯಿಲೆ ಬಹಳ ಕಡಿಮೆಯಾಯಿತು. ನಮ್ಮಲ್ಲಿ ಇನ್ನೂ ಇದೆ. 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಎಲ್ಲಾ ದೇಶಗಳೂ ಸೇರಿ ಈ ಕಾಯಿಲೆ ತಡೆಯಬೇಕು ಅಂತ ನಿರ್ಣಯ ಮಾಡಿದವು.

ಮೂರು ವಾರದ ಸೂಜಿ ಯಾಕೆ?

ಈ ಸೂಜಿಯಲ್ಲಿ ಇರುವುದು ಪೆನಿಸಿಲಿನ್. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅನ್ನುವ ವಿಜ್ಞಾನಿ ಇದನ್ನು ಒಂದು ಬೂಷ್ಟಿನಲ್ಲಿ ಕಂಡುಹಿಡಿದರು. ಈಗ ಹಾಕುವುದು ಬೆಂಜಥಿನ್ ಪೆನಿಸಿಲಿನ್ ಅನ್ನುವ ಬಗೆ.

ಇದು ಹೃದಯದ ಹಳೇ ಗಾಯ ವಾಸಿ ಮಾಡುವ ಸೂಜಿ ಅಲ್ಲ. ಹೊಸ ಗಾಯ ಆಗದ ಹಾಗೆ ಕಾಯುವ ಸೂಜಿ. ಇದು ಸರಿಯಾಗಿ ಅರ್ಥವಾಗಬೇಕು. ಬೇಲಿ ಹಾಕುವುದು ದನ ನುಗ್ಗಿದ ಮೇಲೆ ಅಲ್ಲ, ನುಗ್ಗುವ ಮೊದಲು. ಮೈ ಚೆನ್ನಾಗಿದ್ದಾಗ ಹಾಕಿಸಿದರೇ ಈ ಸೂಜಿಯಿಂದ ಉಪಯೋಗ.

ಈ ಔಷಧಿಯನ್ನು ಮಾಂಸದ ಆಳಕ್ಕೆ ಹಾಕುತ್ತಾರೆ. ಅಲ್ಲಿ ಕೂತು ಹನಿ ನೀರಾವರಿಯ ಹಾಗೆ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಮೂರು ನಾಲ್ಕು ವಾರಕ್ಕೆ ಮುಗಿದುಹೋಗುತ್ತದೆ. ಮುಗಿಯುವ ಮೊದಲೇ ಮುಂದಿನದು ಬೀಳಬೇಕು. ಅದಕ್ಕೇ 21 ದಿನ.

ಸೂಜಿ ನೋಯುತ್ತದೆ. ಸುಳ್ಳು ಹೇಳುವುದಿಲ್ಲ. ಕೆಲವರಿಗೆ ಪೆನಿಸಿಲಿನ್ ಒಗ್ಗುವುದಿಲ್ಲ. ಹಿಂದೆ ಒಗ್ಗದೆ ಮೈಯೆಲ್ಲಾ ದದ್ದು ಬಂದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ. ಅವರಿಗೆ ಬೇರೆ ಮಾತ್ರೆ ಇದೆ. ಮೇಲುಸಿರು ಇದ್ದರೆ ಅದನ್ನೂ ಹೇಳಿ. ಸೂಜಿ ಹಾಕಿಸಿದ ಕೂಡಲೇ ಬಸ್ಸಿಗೆ ಓಡಬೇಡಿ. ಅರ್ಧ ಗಂಟೆ ಅಲ್ಲೇ ಕೂತಿರಿ. ವೈದ್ಯರಿಲ್ಲದ ಕಡೆ ಹಾಕಿಸಬೇಡಿ.

ಎಷ್ಟು ವರ್ಷ?

ಹೃದಯಕ್ಕೆ ತಾಗದೆ ಬರೀ ಕೀಲಿಗೆ ಬಂದಿದ್ದರೆ ಕಡೇಪಕ್ಷ 5 ವರ್ಷ, ಇಲ್ಲವೇ 18 ವರ್ಷ ತುಂಬುವ ತನಕ. ಯಾವುದು ಉದ್ದವೋ ಅದು.

ಹೃದಯಕ್ಕೆ ತಾಗಿದ್ದರೆ 10 ವರ್ಷ, ಇಲ್ಲವೇ 25 ವರ್ಷ ತುಂಬುವ ತನಕ. ಇಲ್ಲೂ ಯಾವುದು ಉದ್ದವೋ ಅದು.

ಬಾಗಿಲು ತುಂಬಾ ಕೆಟ್ಟಿದ್ದರೆ 40 ವರ್ಷದ ತನಕ, ಕೆಲವರಿಗೆ ಬದುಕಿರುವ ತನಕ. ಯಾರಿಗೆ ಎಷ್ಟು ಅಂತ ವೈದ್ಯರು ಹೇಳುತ್ತಾರೆ. ನಿಲ್ಲಿಸಬೇಕು ಅಂತ ಹೇಳುವವರೂ ಅವರೇ. ನಾವಲ್ಲ, ನೆರೆಮನೆಯವರಲ್ಲ.

ಬೇರೆ ಜ್ವರಗಳಿಂದಲೂ ಊತ ಬರುತ್ತದೆ

ಹೃದಯದ ಮಾಂಸಕ್ಕೆ ಊತ ತರುವುದು ಇದೊಂದೇ ಅಲ್ಲ. ವೈರಸ್ ಜ್ವರ, ಡೆಂಗಿ, ಕೊರೋನಾ ಬಂದವರಲ್ಲೂ ಕೆಲವರಿಗೆ ಹೀಗಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ಗಂಟಲಮಾರಿಯಿಂದಲೂ ಆಗುತ್ತದೆ. ಮಕ್ಕಳಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಿದರೆ ಗಂಟಲಮಾರಿ ತಡೆಯಬಹುದು.

ಜ್ವರ ಬಿಟ್ಟ ಮೇಲೆ ಎದೆ ನೋವು, ಮೇಲುಸಿರು, ಎದೆ ಡವಡವ, ತಲೆ ಸುತ್ತಿ ಬೀಳುವುದು, ಕಾಲು ಬಾವು, ಇವು ಕಂಡರೆ ಸುಸ್ತು ಅಂತ ಬಿಡಬೇಡಿ. ಅವತ್ತೇ ತೋರಿಸಿ.

ಹೀಗೆ ಊತ ಬಂದವರಲ್ಲಿ ಹೆಚ್ಚಿನವರು ಪೂರ್ತಿ ವಾಸಿಯಾಗುತ್ತಾರೆ. ಕೆಲವರಿಗೆ ಮಾತ್ರ ಹೃದಯ ದೊಡ್ಡದಾಗಿ, ಸೋತು ನಿಲ್ಲುತ್ತದೆ. ಯಾರು ಯಾವ ಗುಂಪು ಅಂತ ಮುಖ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಎಕೋ ಸ್ಕ್ಯಾನ್, ಇ.ಸಿ.ಜಿ. ಮಾಡಿಸಿದರೇ ಗೊತ್ತಾಗುವುದು. ಅದಕ್ಕೇ ವೈದ್ಯರು ಮತ್ತೆ ಬಾ ಅಂದ ದಿನ ಹೋಗಲೇಬೇಕು.

ಇವರಿಗೆ ಮುಖ್ಯ ಔಷಧಿ ವಿಶ್ರಾಂತಿ. ಸಾಮಾನ್ಯವಾಗಿ 3ರಿಂದ 6 ತಿಂಗಳು ಭಾರದ ಕೆಲಸ ಬೇಡ ಅಂತಾರೆ. ಮೂಟೆ ಹೊರುವುದು, ಗುದ್ದಲಿ ಹಿಡಿಯುವುದು, ಕಬಡ್ಡಿ, ಓಟ, ಜಿಮ್ಮು ಬೇಡ. ಊತ ಇರುವ ಹೃದಯವನ್ನು ಜೋರಾಗಿ ಓಡಿಸಿದರೆ ಬಡಿತ ತಪ್ಪಿ ಪ್ರಾಣವೇ ಹೋಗಬಹುದು. ಇವರಿಗೆ ಮೂರು ವಾರದ ಸೂಜಿ ಇಲ್ಲ. ಅದು ಸಂಧಿವಾತ ಜ್ವರದವರಿಗೆ ಮಾತ್ರ.

ದುಡಿಯುವ ಗಂಡಾಳು ಮೂರು ತಿಂಗಳು ಕೂತರೆ ಮನೆ ನಡೆಯುವುದು ಹೇಗೆ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕೂತು ಮಾಡುವ ಕೆಲಸ ಹುಡುಕಿ ಕೊಡಿ. ಮನೆಯವರು, ಸ್ವಸಹಾಯ ಸಂಘದವರು ಕೈ ಹಿಡಿಯಿರಿ. ಮೂರು ತಿಂಗಳ ಕಷ್ಟ ಮೂವತ್ತು ವರ್ಷದ ಬಾಳು ಉಳಿಸುತ್ತದೆ.

ದಿನದಿನದ ಎಚ್ಚರ

ಎರಡು ಬಗೆಯವರಿಗೂ ಈ ಮಾತು ಅನ್ವಯ.

ಬೀಡಿ, ಸಿಗರೇಟು, ಹೊಗೆಸೊಪ್ಪು, ಹೆಂಡ ಬಿಡಿ. ಹೃದಯ ಸೋತಿದೆ ಅಂತ ವೈದ್ಯರು ಹೇಳಿದ್ದರೆ ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರ ಇಡಿ. ಮುದ್ದೆ, ಸೊಪ್ಪಿನ ಸಾರು, ಕಾಳು ಚೆನ್ನಾಗಿ ತಿನ್ನಿ. ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗಬೇಡಿ. ವೈದ್ಯರು ಕೊಟ್ಟ ಮಾತ್ರೆಯನ್ನು ಹುಷಾರಾಯಿತು ಅಂತ ನಿಲ್ಲಿಸಬೇಡಿ.

ಹಲ್ಲು ಚೆನ್ನಾಗಿ ಉಜ್ಜಿ. ನಗುತ್ತೀರಾ? ಹಲ್ಲಿಗೂ ಹೃದಯಕ್ಕೂ ಸಂಬಂಧ ಇದೆ. ಹುಳುಕು ಹಲ್ಲಿನ ನಂಜು ರಕ್ತಕ್ಕೆ ಸೇರಿ ಕೆಟ್ಟ ಬಾಗಿಲಿನ ಮೇಲೆ ಕೂರಬಹುದು. ಹಲ್ಲು ಕೀಳಿಸುವ ಮೊದಲು ನನಗೆ ಹೃದಯದ ತೊಂದರೆ ಇದೆ ಅಂತ ಹೇಳಿ.

ಹೆಣ್ಣುಮಕ್ಕಳ ವಿಚಾರ ಒಂದು ಹೇಳಬೇಕು. ಮಗಳಿಗೆ ಈ ಕಾಯಿಲೆ ಇದ್ದರೆ ಮದುವೆ ಆಗುವುದಿಲ್ಲ ಅಂತ ಮುಚ್ಚಿಡುತ್ತಾರೆ. ಸೂಜಿಯನ್ನೂ ನಿಲ್ಲಿಸುತ್ತಾರೆ. ಬಸುರಿಯಾದಾಗ ಮೈಯಲ್ಲಿ ರಕ್ತ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕೆಟ್ಟ ಬಾಗಿಲಿನ ಹೃದಯಕ್ಕೆ ಅದು ದೊಡ್ಡ ಹೊರೆ. ಮೊದಲೇ ಗೊತ್ತಿದ್ದರೆ ವೈದ್ಯರು ಕಾಪಾಡುತ್ತಾರೆ. ಹೆರಿಗೆ ಹೊತ್ತಿಗೆ ಗೊತ್ತಾದರೆ ತಾಯಿ ಮಗು ಎರಡಕ್ಕೂ ಅಪಾಯ. ಮುಚ್ಚಿಡುವುದು ಮರ್ಯಾದೆ ಅಲ್ಲ. ಗಂಡನಿಗೆ, ಆಶಾ ಕಾರ್ಯಕರ್ತೆಗೆ, ವೈದ್ಯರಿಗೆ ಹೇಳಿ.

ಬಾಗಿಲು ಕೆಟ್ಟರೆ ದಾರಿ ಇದೆಯೇ?

ಇದೆ. ಕಿರಿದಾದ ಬಾಗಿಲನ್ನು ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅಗಲ ಮಾಡುತ್ತಾರೆ. ತೀರಾ ಕೆಟ್ಟಿದ್ದರೆ ಬೇರೆ ಬಾಗಿಲು ಹಾಕುತ್ತಾರೆ. ಮೊದಲು ಇವನ್ನು ಹೊರದೇಶದಿಂದ ತರಿಸಬೇಕಿತ್ತು, ಬೆಲೆ ಹೆಚ್ಚು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಜೊತೆಯವರು ನಮ್ಮ ದೇಶದಲ್ಲೇ ಚಿತ್ರಾ ವಾಲ್ವು ತಯಾರಿಸಿದರು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಸಾರಿ ಒಬ್ಬ ರೋಗಿಗೆ ಹಾಕಿದರು.

ಇಂಥ ಬಾಗಿಲು ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ ತಿನ್ನಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮೂರು ವಾರದ ಸೂಜಿಯನ್ನೂ ಬಿಡುವ ಹಾಗಿಲ್ಲ. ಇಷ್ಟು ದೂರ ಹೋಗುವ ಬದಲು ಮೊದಲೇ ತಡೆಯುವುದು ಮೇಲಲ್ಲವೇ?

ತಡೆಯುವುದು ಗಂಟಲಿನಿಂದಲೇ ಶುರು. ಮಗುವಿಗೆ ನೆಗಡಿ ಕೆಮ್ಮು ಇಲ್ಲದೆ ಜ್ವರದ ಜೊತೆ ಗಂಟಲು ನೋವು ಬಂದರೆ, ದವಡೆ ಕೆಳಗೆ ಗಡ್ಡೆ ಊದಿದರೆ, ನುಂಗಲು ಆಗದಿದ್ದರೆ ವೈದ್ಯರಿಗೆ ತೋರಿಸಿ. ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಕೊಟ್ಟರೂ ಸಂಧಿವಾತ ಜ್ವರ ತಡೆಯಬಹುದು. ಹತ್ತು ದಿನದ ಮಾತ್ರೆ ಕೊಟ್ಟರೆ ಹತ್ತೂ ದಿನ ನುಂಗಿಸಿ.

ಎಲ್ಲಿಗೆ ಹೋಗಬೇಕು? ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಆಮೇಲೆ ನಂಜನಗೂಡಿನ ಸರ್ಕಾರಿ ಆಸ್ಪತ್ರೆ. ದೊಡ್ಡ ಪರೀಕ್ಷೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ವೈದ್ಯರು ಶಾಲೆಗೆ, ಅಂಗನವಾಡಿಗೆ ಬಂದಾಗ ಮಗುವನ್ನು ತಪ್ಪದೆ ಕಳಿಸಿ. ಅವರು ನೋಡುವ ಕಾಯಿಲೆಗಳಲ್ಲಿ ಇದೂ ಸೇರಿದೆ. ಆಪರೇಷನ್ ಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಜೋಪಾನವಾಗಿ ಇಟ್ಟುಕೊಳ್ಳಿ.

ನಂಜುಂಡೇಶ್ವರನಿಗೆ ಹರಕೆ ಹೊತ್ತುಕೊಳ್ಳುತ್ತೀರಾ? ಹೊತ್ತುಕೊಳ್ಳಿ, ಬೇಡ ಅನ್ನುವುದಿಲ್ಲ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ವಾಸಿ ಮಾಡಿದ ಹಕೀಮ ನಂಜುಂಡ ಅವನು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಹರಕೆಯೂ ಇರಲಿ, ಸೂಜಿಯೂ ಇರಲಿ. ಹಕೀಮನ ಊರಿನವರು ಔಷಧಿ ಬಿಡಬಾರದು.

ಆ ತಾಯಿಯ ಕ್ಯಾಲೆಂಡರು

ಕೊನೆಗೆ ಆ ಹುಡುಗನ ತಾಯಿಯ ವಿಚಾರ ಹೇಳಿ ಮುಗಿಸುತ್ತೇನೆ. ಎರಡನೇ ಸಾರಿ ಆಸ್ಪತ್ರೆಯಿಂದ ಬಂದ ಮೇಲೆ ಅವರು ಕಲಿಕಾ ಕೇಂದ್ರಕ್ಕೆ ಸೇರಿದರು. ನಿಮ್ಮ ಹಾಗೆಯೇ ಹೆಸರು ಬರೆಯಲು ಕಲಿತರು. ಅಂಕಿ ಕಲಿತರು. ಒಂದು ದಿನ ಆ ಹಳೇ ಚೀಟಿ ತಂದರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಮುಂ... ದಿ... ನ... ದಿ... ನಾಂ... ಕ.” ಮುಂದಿನ ದಿನಾಂಕ!

ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು: “ಇದು ಆವತ್ತೇ ಓದಕ್ಕೆ ಬಂದಿದ್ರೆ ನನ್ ಮಗ ಇವತ್ತು ಓಡ್ತಿದ್ನಲ್ಲ ಮೇಷ್ಟ್ರೇ.”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಅವರ ಮನೆ ಗೋಡೆಯ ಮೇಲೆ ಕ್ಯಾಲೆಂಡರು ಇದೆ. ಸೂಜಿ ಹಾಕಿಸಿದ ದಿನಕ್ಕೆ ಸುತ್ತು ಹಾಕುತ್ತಾರೆ. ಮೂರು ಸಾಲು ಕೆಳಗೆ ಅದೇ ವಾರದಲ್ಲಿ ಮುಂದಿನ ಸುತ್ತು. ಸೋಮವಾರ ಹಾಕಿಸಿದರೆ ಮೂರು ವಾರ ಬಿಟ್ಟು ಸೋಮವಾರವೇ ಬರುತ್ತದೆ. ಜೂನ್ 2ಕ್ಕೆ ಹಾಕಿಸಿದರೆ ಮುಂದಿನದು ಜೂನ್ 23. ಆಮೇಲೆ ಜುಲೈ 14. ವರ್ಷಕ್ಕೆ 17 ಸುತ್ತು, ಒಮ್ಮೊಮ್ಮೆ 18. ಇಲ್ಲಿಯ ತನಕ ಒಂದೂ ತಪ್ಪಿಲ್ಲ. ಆ ಹುಡುಗನಿಗೆ ಮತ್ತೆ ಜ್ವರ ಮರುಕಳಿಸಿಲ್ಲ. ಅವನ ಬಾಗಿಲು ಇನ್ನಷ್ಟು ಕೆಟ್ಟಿಲ್ಲ ಅಂತ ಕಳೆದ ಸಾರಿ ವೈದ್ಯರು ಹೇಳಿದರಂತೆ.

ಅಕ್ಕಂದಿರೇ, ಅಣ್ಣಂದಿರೇ, ಅಕ್ಷರ ಕಲಿಯುವುದು ಯಾಕೆ ಅಂತ ಕೇಳುತ್ತಿರುತ್ತೀರಿ. ಇದಕ್ಕೇ. ಮನೆಗೆ ಹೋಗಿ. ನಿಮ್ಮ ಮನೆಯಲ್ಲಿ ಇರುವ ಆಸ್ಪತ್ರೆ ಚೀಟಿಗಳನ್ನು ಹುಡುಕಿ ತನ್ನಿ. ನಾಳೆ ಎಲ್ಲರೂ ಕೂಡಿ ಓದೋಣ.

ನೆನಪಿಡಿ

1. ಗಂಟಲು ನೋವು, ಆಮೇಲೆ ಕೀಲಿನಿಂದ ಕೀಲಿಗೆ ಹಾರುವ ನೋವು. ಆಸ್ಪತ್ರೆಗೆ ತೋರಿಸಿ.
2. ಸಂಧಿವಾತ ಜ್ವರ ಬಂದವರಿಗೆ 21 ದಿನಕ್ಕೊಂದು ಸೂಜಿ. ಚೆನ್ನಾಗಿದ್ದರೂ ಬಿಡಬೇಡಿ.
3. ವೈರಸ್ ಜ್ವರದಿಂದ ಹೃದಯ ಊದಿದವರಿಗೆ ವಿಶ್ರಾಂತಿ. ವೈದ್ಯರು ಹೇಳುವ ತನಕ ಭಾರದ ಕೆಲಸ ಬೇಡ.
4. ಮತ್ತೆ ಬಾ ಅಂದ ದಿನ ಹೋಗಿ ಪರೀಕ್ಷೆ ಮಾಡಿಸಿ.
5. ಮೇಲುಸಿರು, ಎದೆ ನೋವು, ತಲೆ ಸುತ್ತಿ ಬಿದ್ದರೆ 108ಕ್ಕೆ ಫೋನ್ ಮಾಡಿ.

ಮಾತಾಡಿಕೊಳ್ಳಿ

ಹುಡುಗನ ಮನೆಯವರು ಸೂಜಿ ಯಾಕೆ ನಿಲ್ಲಿಸಿದರು?
ಇವತ್ತು ಸೂಜಿ ಹಾಕಿಸಿದರೆ ಮುಂದಿನ ಸೂಜಿ ಯಾವ ದಿನ? ಲೆಕ್ಕ ಹಾಕಿ ಬರೆಯಿರಿ.
ನಿಮ್ಮ ಬೀದಿಯಲ್ಲಿ ಇಂಥ ಮಗು ಇದ್ದರೆ ನೀವು ಏನು ಮಾಡುತ್ತೀರಿ?